ಮೇಲಿನ ಹೊಲ ಕೆಂಪು, ಕೆಳಗಿನ ಹೊಲ ಕಪ್ಪು

(ಮಧುಗಿರಿ ಸೀಮೆಯ ಒಂದು ಹಳ್ಳಿ ಶಾಲೆಯಲ್ಲಿ ರೈತರು, ಮೇಷ್ಟ್ರುಗಳು, ಮಕ್ಕಳ ಮುಂದೆ ಆಡಿದ ಮಾತು. ಕೈಯಲ್ಲಿ ಹಿಡಿದು ತೋರಿಸಿದ್ದನ್ನು ಬರಹದಲ್ಲಿ ತೋರಿಸಲು ಆಗುವುದಿಲ್ಲ. ಅಂಥ ಕಡೆ ಒಂದೆರಡು ವಾಕ್ಯ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ. ಮಾತು ಶುರು ಮಾಡುವ ಮೊದಲು ಒಂದು ಕೆಲಸ ಮುಗಿಸಿಬಿಡುತ್ತೇನೆ. ಇದು ಒಂದು ಲೀಟರಿನ ನೀರಿನ ಬಾಟಲಿ. ಮೂರನೇ ಒಂದು ಪಾಲು ಮಣ್ಣು ತುಂಬಿದ್ದೇನೆ. ಶಾಲೆಯ ಹಿಂದಿನ ರಾಗಿ ಹೊಲದ್ದು. ಕೇಳಿಯೇ ತಂದಿದ್ದೇನೆ, ಕದ್ದಿದ್ದಲ್ಲ. ಈಗ ಕುತ್ತಿಗೆವರೆಗೂ ನೀರು ಹಾಕುತ್ತೇನೆ. ಒಂದು ಚಿಟಿಕೆ ಬಟ್ಟೆ ಸೋಪಿನ ಪುಡಿ. ಕಣಗಳು ಒಂದಕ್ಕೊಂದು ಅಂಟಿಕೊಂಡು ಕೂರಬಾರದಲ್ಲ, ಅದಕ್ಕೆ. ಮುಚ್ಚಳ ಬಿಗಿ ಮಾಡಿ ಚೆನ್ನಾಗಿ ಕುಲುಕಿ, ಇಗೋ, ಮೇಜಿನ ಮೇಲೆ ಇಟ್ಟೆ. ಮುಂದಿನ ಸಾಲಿನ ಮಕ್ಕಳೇ, ಮೇಜು ಮುಟ್ಟಬೇಡಿ. ಆಗಾಗ ಇದರ ಕಡೆ ಒಂದು ಕಣ್ಣಿರಲಿ.

ಬರುವಾಗ ಟೀ ಅಂಗಡಿ ಹತ್ತಿರ ಒಬ್ಬ ಹಿರಿಯರು ಸಿಕ್ಕರು. ಇಲ್ಲೇ ಕೂತಿದ್ದಾರೆ, ನಗ್ತಾ ಇದ್ದಾರೆ. ಅವರು ಕೇಳಿದ್ದು ಇಷ್ಟು: "ಮೇಷ್ಟ್ರೇ, ನಂದು ಎರಡು ತುಂಡು ಹೊಲ. ಮೇಲಿನದು ಕೆಂಪು, ಕೆಳಗಿನದು ಕಪ್ಪು. ನಡುವೆ ಎರಡು ಬದು ಅಷ್ಟೇ. ಬೆಟ್ಟ ಒಂದೇ, ಮಳೆ ಒಂದೇ, ಉಳೋನು ನಾನೊಬ್ನೇ. ಬಣ್ಣ ಯಾಕೆ ಬೇರೆ?" ನಾನು ಬರೆದುಕೊಂಡು ಬಂದಿದ್ದ ಭಾಷಣಕ್ಕಿಂತ ಈ ಪ್ರಶ್ನೆ ಚೆನ್ನಾಗಿತ್ತು. ಅದಕ್ಕೆ ಚೀಟಿ ಜೇಬಿನಲ್ಲೇ ಇಟ್ಟು ಇದರ ಹಿಂದೆಯೇ ಹೋಗೋಣ ಅಂತ ತೀರ್ಮಾನ ಮಾಡಿದೆ.

ಮೊದಲು ಒಂದು ಹಿಡಿ ಮಣ್ಣಿನಲ್ಲಿ ಏನೇನಿದೆ ಅಂತ ನೋಡೋಣ. ಪಠ್ಯಪುಸ್ತಕ ಒಂದು ಲೆಕ್ಕ ಕೊಡುತ್ತದೆ. ಒಳ್ಳೆಯ ಮಣ್ಣಿನ ಗಾತ್ರದಲ್ಲಿ ನೂರಕ್ಕೆ 45 ಪಾಲು ಕಲ್ಲಿನಿಂದ ಬಂದ ಪುಡಿ, 25 ಪಾಲು ನೀರು, 25 ಪಾಲು ಗಾಳಿ, ಉಳಿದ 5 ಪಾಲು ಸತ್ತ ಗಿಡ, ಬೇರು, ಹುಳ, ಕೊಳೆತ ಕಸ. ಅಂದರೆ ನಾವು ಗಟ್ಟಿ ನೆಲ ಅಂತ ಕಾಲೂರಿ ನಿಲ್ಲುವ ಜಾಗದಲ್ಲಿ ಅರ್ಧ ಖಾಲಿ! ಆ ಖಾಲಿ ಜಾಗಕ್ಕಾಗಿ ನೀರು, ಗಾಳಿ ಎರಡೂ ಕಿತ್ತಾಡುತ್ತವೆ. ಮಳೆ ಬಂದಾಗ ನೀರು ಗೆಲ್ಲುತ್ತದೆ, ಬಿಸಿಲಿಗೆ ಗಾಳಿ. ಹಸಿ ನೆಲದ ಮೇಲೆ ಟ್ರ್ಯಾಕ್ಟರ್ ಓಡಿಸಿದರೆ ಜಾಗವೇ ಮುಚ್ಚಿಹೋಗುತ್ತದೆ, ಆಮೇಲೆ ಇಬ್ಬರಿಗೂ ಇಲ್ಲ.

ಆ 5 ಪಾಲು ಇದೆಯಲ್ಲ, ಅದು ನಮ್ಮ ಕಡೆ ಪುಸ್ತಕದಲ್ಲಿ ಮಾತ್ರ. ಮಣ್ಣು ಪರೀಕ್ಷೆಯ ಚೀಟಿಯಲ್ಲಿ 'ಸಾವಯವ ಇಂಗಾಲ' ಅಂತ ಒಂದು ಸಾಲು ಇರುತ್ತದೆ. ಅದು ತೂಕದ ಲೆಕ್ಕ. ನೂರಕ್ಕೆ 0.5ಕ್ಕಿಂತ ಕಡಿಮೆ ಇದ್ದರೆ 'ಕಡಿಮೆ', 0.75 ದಾಟಿದರೆ 'ಜಾಸ್ತಿ' ಅಂತ ಬರೆಯುತ್ತಾರೆ. ಮುಕ್ಕಾಲು ಪಾಲು ಇದ್ದರೆ ಅದೇ ಜಾಸ್ತಿ! ನಮ್ಮ ಬಿಸಿಲಿಗೆ ಹಾಕಿದ ಗೊಬ್ಬರ ಬೇಗ ಕರಗಿಹೋಗುತ್ತದೆ. ನಿಮ್ಮ ಚೀಟಿಗಳನ್ನು ಮನೆಗೆ ಹೋಗಿ ಒಮ್ಮೆ ನೋಡಿ. ಗೊಬ್ಬರದ ವಿಷಯ ಇವತ್ತು ಇಲ್ಲಿಗೇ ಬಿಡುತ್ತೇನೆ. ಇವತ್ತಿನ ಮಾತು ಆ 45 ಪಾಲಿನದು.

ಬಾಟಲಿ ನೋಡಿ. ಆಗಲೇ ತಳದಲ್ಲಿ ಒಂದು ಪದರ ಕೂತಿದೆ. ಒಂದು ನಿಮಿಷದೊಳಗೆ ಕೂತದ್ದು ಮರಳು. ಎರಡು ಮಿಲಿಮೀಟರಿನಿಂದ ಹಿಡಿದು ಕಣ್ಣಿಗೆ ಕಷ್ಟಪಟ್ಟು ಕಾಣುವಷ್ಟು ಸಣ್ಣ ಕಣದವರೆಗೂ ಮರಳೇ. ಅದರ ಮೇಲೆ ಈಗ ನಿಧಾನಕ್ಕೆ ಇಳಿಯುತ್ತಿರುವುದು ಗೋಡು, ಅಂದರೆ ಕೆರೆಗೋಡಿನಂಥ ನುಣ್ಣನೆ ಪುಡಿ. ಬೆರಳಲ್ಲಿ ಉಜ್ಜಿದರೆ ರಾಗಿ ಹಿಟ್ಟಿನ ಹಾಗೆ. ಅದು ಪೂರ್ತಿ ಕೂರೋಕೆ ಒಂದೆರಡು ಗಂಟೆ ಬೇಕು. ಮೇಲೆ ಕೆಂಪಗೆ ಕದಡಿಕೊಂಡೇ ಇರುವುದು ಜೇಡಿ. ಅದು ಇವತ್ತು ಕೂರುವುದಿಲ್ಲ. ಜೇಡಿ ಕಣ ಎಷ್ಟು ಸಣ್ಣದು ಅಂದರೆ, ಐನೂರು ಕಣ ಸಾಲಾಗಿ ಇಟ್ಟರೂ ಒಂದು ಮಿಲಿಮೀಟರ್ ಆಗೋದು ಅನುಮಾನ. ಈ ಮೂವರಲ್ಲಿ ಅತಿ ಸಣ್ಣವನೇ ಯಜಮಾನ. ಗಿಡಕ್ಕೆ ಬೇಕಾದ ನೀರು, ಸತ್ವ ಹಿಡಿದಿಡೋದು ಅವನು. ಮರಳು ಸುಮ್ನೆ ಜಾಗ ಮಾಡಿಕೊಡುತ್ತದೆ ಅಷ್ಟೇ.

ಸರಿ, ಈ ಮೂವರು ಬಂದದ್ದು ಎಲ್ಲಿಂದ? ಕಿಟಕಿಯಿಂದ ಆಚೆ ನೋಡಿ. ಅಲ್ಲಿಂದ.

ಆ ಬೆಟ್ಟ ಗ್ರಾನೈಟ್. ರಾಮನಗರದಿಂದ ಶುರುವಾಗಿ ನಮ್ಮ ತುಮಕೂರು ಜಿಲ್ಲೆ ಹಾಯ್ದು ಉತ್ತರಕ್ಕೆ ಬಳ್ಳಾರಿ ಕಡೆಗೆ ಹೋಗುವ ಒಂದು ಉದ್ದನೆಯ ಗ್ರಾನೈಟ್ ಪಟ್ಟಿ ಇದೆ. ರಾಮನಗರಕ್ಕೆ ಬ್ರಿಟಿಷರ ಕಾಲದಲ್ಲಿ ಕ್ಲೋಸ್‌ಪೇಟೆ ಅಂತ ಹೆಸರಿತ್ತಲ್ಲ, ಅದರಿಂದ ಈ ಕಲ್ಲಿಗೂ ಕ್ಲೋಸ್‌ಪೇಟ್ ಗ್ರಾನೈಟ್ ಅಂತಲೇ ಹೆಸರು ಉಳಿದಿದೆ. ವಯಸ್ಸು ಸುಮಾರು 250 ಕೋಟಿ ವರ್ಷ. ಬೆಂಗಳೂರಿನ ಲಾಲ್‌ಬಾಗ್‌ನಲ್ಲಿ ಕೆಂಪೇಗೌಡರ ಗೋಪುರ ನಿಂತಿರುವ ಬಂಡೆ ಇನ್ನೂ ಹಿರಿಯ, ಸುಮಾರು 300 ಕೋಟಿ ವರ್ಷ.

ಈ ಕಲ್ಲನ್ನು ಕೈಯಲ್ಲಿ ಹಿಡಿದು ನೋಡಿದರೆ ಮೂರು ಥರದ ಕಣ ಕಾಣುತ್ತವೆ. ಗಾಜಿನ ಹಾಗೆ ಬೂದು ಬಣ್ಣದಲ್ಲಿ ಇರುವುದು ಬೆಣಚು. ಕಪ್ಪಗೆ ಮಿಣ ಮಿಣ ಅನ್ನುವುದು ಕಾಗೆಬಂಗಾರ. ಇವೆರಡಕ್ಕೂ ಕನ್ನಡದಲ್ಲಿ ಚೆಂದದ ಹೆಸರಿದೆ. ಮೂರನೆಯದು ಬಿಳಿ ಅಥವಾ ತೆಳು ಗುಲಾಬಿ ಬಣ್ಣದ ದಪ್ಪ ಕಣ, ಫೆಲ್ಡ್‌ಸ್ಪಾರ್. ಕಲ್ಲಿನಲ್ಲಿ ಅರ್ಧಕ್ಕಿಂತ ಜಾಸ್ತಿ ಇರುವುದು ಇದೇ, ಆದರೆ ಪಾಪ, ಇದಕ್ಕೆ ನಾವು ಹೆಸರೇ ಇಡಲಿಲ್ಲ. ಬಹುಶಃ ಹೊಳೆಯಲಿಲ್ಲ ಅಂತಲೋ ಏನೋ. ಇವತ್ತಿನ ಕಥೆಯ ನಾಯಕ ಮಾತ್ರ ಇವನೇ.

ಈಗ ಇನ್ನೊಂದು ಕಲ್ಲು ತೋರಿಸುತ್ತೇನೆ. ಇದು ಹೊಸ ರಸ್ತೆಗೆ ಗುಡ್ಡ ಕಡಿದ ಜಾಗದಲ್ಲಿ ಸಿಕ್ಕಿದ್ದು. ನೋಡೋಕೆ ಅದೇ ಗ್ರಾನೈಟ್. ಅದೇ ಬೆಣಚು, ಅದೇ ಕಾಗೆಬಂಗಾರ, ಎಲ್ಲ ಅದದೇ ಜಾಗದಲ್ಲಿ. ಯಾರಾದರೂ ಒಬ್ಬರು ಬನ್ನಿ, ಹೆಬ್ಬೆರಳಲ್ಲಿ ಒತ್ತಿ. (ಆರನೇ ಕ್ಲಾಸಿನ ಹುಡುಗಿಯೊಬ್ಬಳು ಬಂದಳು. ಒತ್ತಿದಳು. ಕಲ್ಲು ಬಿಸ್ಕತ್ತಿನ ಹಾಗೆ ಪುಡಿಯಾಗಿ ಮೇಜಿನ ಮೇಲೆ ಉದುರಿತು. ಅವಳು ಹೆದರಿ ಕೈ ಹಿಂದಕ್ಕೆ ತೆಗೆದುಕೊಂಡಳು.) ನೀನೇನೂ ಹಾಳು ಮಾಡಲಿಲ್ಲ ಪುಟ್ಟಿ, ಅದು ಮೊದಲೇ ಕೊಳೆತಿತ್ತು. ಕಲ್ಲೂ ಕೊಳೆಯುತ್ತದೆ. ಬೆಣಚು ಹಾಗೇ ಗಟ್ಟಿಯಾಗಿದೆ, ನೋಡಿ, ಗರಗರ ಅನ್ನುತ್ತದೆ. ಅದರ ಸುತ್ತ ಇದ್ದ ಫೆಲ್ಡ್‌ಸ್ಪಾರ್ ಮಾತ್ರ ಬಿಳಿ ಹಿಟ್ಟಾಗಿದೆ. ಗೋಡೆಯಲ್ಲಿ ಇಟ್ಟಿಗೆ ಗಟ್ಟಿ ಇದ್ದು ಗಾರೆ ಉದುರಿಹೋದ ಹಾಗೆ.

ಇದನ್ನು ನೀವು ಗೊಚ್ಚು ಅನ್ನುತ್ತೀರಿ. ಉತ್ತರದ ಕಡೆ ಗರಸು, ರಸ್ತೆ ಕಂಟ್ರಾಕ್ಟರು ಮೊರಂ. ಇದು ಎಷ್ಟು ಆಳ ಇದೆ ಅಂತ ಈ ತಾಲ್ಲೂಕಿನಲ್ಲಿ ಎಲ್ಲರಿಗೂ ಗೊತ್ತು. ಗೊತ್ತು ಅನ್ನೋದು ಗೊತ್ತಿಲ್ಲ ಅಷ್ಟೇ. ಬೋರ್‌ವೆಲ್ ಕೊರೆಸಿದಾಗ ಮೊದಲು ಕೇಳುವ ಪ್ರಶ್ನೆ ಏನು? "ಕೇಸಿಂಗ್ ಎಷ್ಟು ಅಡಿ ಹೋಯ್ತು?" ಮಣ್ಣು, ಗೊಚ್ಚು ಕುಸಿಯುವ ತನಕ ಕೇಸಿಂಗ್ ಪೈಪ್ ಬೇಕು, ಗಟ್ಟಿ ಬಂಡೆ ಸಿಕ್ಕ ಮೇಲೆ ಬೇಡ. ಆ ಬಿಲ್ಲಿನಲ್ಲಿ ಬರೆದಿರುವ ಕೇಸಿಂಗ್ ಅಡಿ ಇದೆಯಲ್ಲ, ಅದು ನಿಮ್ಮ ಹೊಲದ ಕೆಳಗೆ ಕಲ್ಲು ಎಷ್ಟು ಆಳದವರೆಗೂ ಕೊಳೆತಿದೆ ಅನ್ನೋದರ ಅಳತೆ. ನೂರು ಅಡಿ ಕೇಸಿಂಗ್ ಹೋದವರು ದುಡ್ಡು ಹೋಯ್ತು ಅಂತ ಅಳುತ್ತಾರೆ. ಕಲ್ಲಿನ ಶಾಸ್ತ್ರ ಓದಿದವನು ಮಾತ್ರ ಆ ಬಿಲ್ಲು ನೋಡಿ ಖುಷಿಪಡುತ್ತಾನೆ.

ಕಲ್ಲು ಮಣ್ಣಾಗೋದರಲ್ಲಿ ಎರಡು ಕೆಲಸ ಇದೆ. ಒಡೆಯೋದು ಒಂದು, ಕೊಳೆಯೋದು ಇನ್ನೊಂದು. ಒಡೆಯೋದು ಎಲ್ಲರಿಗೂ ಕಾಣುತ್ತದೆ. ಈ ಗ್ರಾನೈಟ್ ಹುಟ್ಟಿದ್ದು ನೆಲದೊಳಗೆ ಕಿಲೋಮೀಟರುಗಟ್ಟಲೆ ಆಳದಲ್ಲಿ, ಭಾರಿ ಒತ್ತಡದಲ್ಲಿ. ಮೇಲಿನ ಕಲ್ಲೆಲ್ಲ ಸವೆದು ಭಾರ ಇಳಿದಾಗ ಇದು ಸ್ವಲ್ಪ ಉಬ್ಬುತ್ತದೆ, ಉಬ್ಬಿ ಪದರ ಪದರವಾಗಿ ಬಿಡಿಸಿಕೊಳ್ಳುತ್ತದೆ. ನಮ್ಮ ಕಲ್ಲುಕುಟಿಗರಿಗೆ ಚಪ್ಪಡಿ, ಬೇಲಿಗೆ ಕಲ್ಲುಕಂಬ ಸಿಗೋದು ಇದರಿಂದಲೇ. ಅವರು ಬಂಡೆ ಮೇಲೆ ಬೆಂಕಿ ಹಾಕಿ ಪದರ ಎಬ್ಬಿಸುತ್ತಿದ್ದದ್ದು ಹಿರಿಯರಿಗೆ ನೆನಪಿರಬೇಕು. ಬಿಸಿಲು ಅದೇ ಕೆಲಸವನ್ನು ನಿಧಾನಕ್ಕೆ ಮಾಡುತ್ತದೆ. ಆಮೇಲೆ ಬಿರುಕಿನಲ್ಲಿ ಒಂದು ಅರಳಿ ಬೀಜ ಬಿತ್ತು ಅಂತಿಟ್ಟುಕೊಳ್ಳಿ, ಮುಗಿಯಿತು. ಹಿಮಾಲಯದಲ್ಲಿ ನೀರು ಹೆಪ್ಪುಗಟ್ಟಿ ಕಲ್ಲು ಸೀಳುತ್ತದೆ, ನೀರು ಮಂಜಾದರೆ ನೂರಕ್ಕೆ 9 ಪಾಲು ಉಬ್ಬುತ್ತದೆ. ನಮಗೆ ಆ ಭಾಗ್ಯ ಇಲ್ಲ.

ಆದರೆ ಕಲ್ಲನ್ನು ಎಷ್ಟು ಒಡೆದರೂ ಸಿಗೋದು ಕಲ್ಲೇ. ಕ್ರಷರ್‌ನಲ್ಲಿ ಜಲ್ಲಿ ಪುಡಿ ಮಾಡುತ್ತಾರಲ್ಲ, ಆ ಪುಡಿಯಲ್ಲಿ ರಾಗಿ ಬೆಳೆಯುತ್ತದಾ? ಇಲ್ಲ. ಕಲ್ಲು ಕೊಳೆಯಬೇಕು.

ಕೊಳೆಸುವುದು ನೀರು. ಮಳೆ ನೀರು ಕೆಳಗೆ ಬೀಳುವಾಗ ಗಾಳಿಯಲ್ಲಿರುವ ಇಂಗಾಲದ ಡೈಆಕ್ಸೈಡನ್ನು ಕರಗಿಸಿಕೊಳ್ಳುತ್ತದೆ. ಸೋಡಾದಲ್ಲಿ ಇರುವುದೂ ಅದೇ. ಹಾಗಾಗಿ ಶುದ್ಧ ಮಳೆ ನೀರೂ ಚೂರು ಹುಳಿ, ಪಿಎಚ್ ಸುಮಾರು 5.6. ಮಣ್ಣಿನೊಳಗೆ ಇಳಿದ ಮೇಲೆ ಹುಳಿ ಇನ್ನೂ ಜಾಸ್ತಿ ಆಗುತ್ತದೆ, ಯಾಕೆಂದರೆ ಬೇರುಗಳು, ಸೂಕ್ಷ್ಮಜೀವಿಗಳು ಎಲ್ಲ ಅಲ್ಲಿ ಉಸಿರಾಡುತ್ತಿರುತ್ತವೆ. ಈ ಚೂರು ಹುಳಿ ನೀರು ಫೆಲ್ಡ್‌ಸ್ಪಾರ್ ಒಳಗೆ ಕೈ ಹಾಕಿ ಪೊಟ್ಯಾಷ್, ಸೋಡಿಯಂ, ಕ್ಯಾಲ್ಸಿಯಂಗಳನ್ನು ಎಳೆದುಕೊಂಡು ಹೋಗುತ್ತದೆ. ಉಳಿದ ಅಲ್ಯುಮಿನಿಯಂ, ಸಿಲಿಕಾ ಮತ್ತೆ ಸೇರಿ ಹೊಸದೊಂದು ಪದಾರ್ಥ ಆಗುತ್ತದೆ. ಅದೇ ಜೇಡಿ. ಗಮನಿಸಿ, ಜೇಡಿ ಅಂದರೆ ಸಣ್ಣಗೆ ಪುಡಿಯಾದ ಕಲ್ಲಲ್ಲ. ಹಾಲು ಹೆಪ್ಪಾಗಿ ಮೊಸರಾದ ಹಾಗೆ, ಬೇರೆಯದೇ ವಸ್ತು. ಬೆಣಚಿಗೆ ಈ ಹುಳಿ ನಾಟೋದೇ ಇಲ್ಲ ಅನ್ನಬೇಕು, ಅದು ಮರಳಾಗಿ ಉಳಿಯಿತು. ಕಪ್ಪು ಕಾಗೆಬಂಗಾರದಲ್ಲಿ ಇದ್ದ ಕಬ್ಬಿಣ ಹೊರಗೆ ಬಂದು ತುಕ್ಕು ಹಿಡಿಯಿತು. ಕೆಂಪು ಬಂದದ್ದು ಅಲ್ಲಿಂದ. ಗ್ರಾನೈಟಿನಲ್ಲಿ ಇರುವ ಕಬ್ಬಿಣ ತೀರಾ ಸ್ವಲ್ಪ. ಆದರೆ ಒಂದು ಚಿಟಿಕೆ ಅರಿಶಿನ ಇಡೀ ತಪ್ಪಲೆ ಚಿತ್ರಾನ್ನಕ್ಕೆ ಬಣ್ಣ ಕೊಡುತ್ತದೆ, ಅಲ್ವಾ?

ಅಡುಗೆ ಮನೆ ಅಂದೆ, ಇನ್ನೊಂದು ನೆನಪಾಯಿತು. ಮಸಾಲೆ ಪುಡಿಗೆ ಕಲ್ಲುಹೂವು ಹಾಕುತ್ತೀರಲ್ಲ ಅಮ್ಮಂದಿರೇ, ಅದು ಹೂವಲ್ಲ. ಶಿಲೀಂಧ್ರವೂ ಪಾಚಿಯೂ ಕೂಡಿ ಒಂದೇ ಮನೆ ಮಾಡಿಕೊಂಡಿರುವ ಜೀವಿ. ಮರದ ತೊಗಟೆ ಮೇಲೂ ಇರುತ್ತದೆ, ಬಂಡೆ ಮೇಲೂ ಇರುತ್ತದೆ. ಬೆಟ್ಟದ ಬಂಡೆಗಳ ಮೇಲೆ ಬೂದು, ಹಳದಿ ಚಕ್ಕೆ ಹತ್ತಿಕೊಂಡಿರುವುದು ಇವರ ನೆಂಟರೇ. ಅವು ಆಮ್ಲ ಬಿಟ್ಟು ಕಲ್ಲನ್ನು ಮೆಲ್ಲಗೆ ನೆಕ್ಕುತ್ತವೆ. ಮಣ್ಣೇ ಇಲ್ಲದ ಕಡೆ ಮೊದಲ ಚಿಟಿಕೆ ಮಣ್ಣು ಎಷ್ಟೋ ಸಲ ಇವುಗಳದು.

ಹಂಪಿಗೆ ಹೋದವರು ಕೈ ಎತ್ತಿ. ತುಂಬಾ ಜನ. ಆ ಗುಂಡು ಕಲ್ಲುಗಳನ್ನು ಯಾರು ಉರುಳಿಸಿ ಒಂದರ ಮೇಲೊಂದು ಇಟ್ಟರು ಅಂತ ಮಕ್ಕಳು ಕೇಳುತ್ತಾರೆ. ಯಾರೂ ಇಡಲಿಲ್ಲ, ಅವು ಇದ್ದಲ್ಲೇ ಇವೆ. ಮೊದಲು ಅದು ಇಡೀ ಬಂಡೆ. ಉದ್ದಕ್ಕೂ ಅಡ್ಡಕ್ಕೂ ಬಿರುಕು ಬಿಟ್ಟು ಚೌಕ ಚೌಕವಾಗಿ ಇತ್ತು. ಬಿರುಕಿನಲ್ಲಿ ನೀರು ಇಳಿದು ನೆಲದೊಳಗೇ ಕೊಳೆಯೋಕೆ ಶುರು. ಅಚ್ಚುಬೆಲ್ಲ ನೀರಿಗೆ ಹಾಕಿ ನೋಡಿ, ಮೊದಲು ಕರಗೋದು ಮೂಲೆ. ಮೂಲೆಗೆ ಮೂರು ಕಡೆಯಿಂದ ನೀರು ತಾಗುತ್ತದೆ, ಅದಕ್ಕೆ. ಚೌಕ ಹೋಗಿ ಗುಂಡಾಯಿತು. ಸುತ್ತ ಇದ್ದ ಗೊಚ್ಚು ಆಮೇಲೆ ಕೊಚ್ಚಿಹೋಯಿತು, ಗಟ್ಟಿ ತಿರುಳು ಉಳಿಯಿತು. ಕಲ್ಲು ನೀರು ಕರಗುವ ಹೊತ್ತು ಅಂತ ಮಧ್ಯರಾತ್ರಿಗೆ ಹೇಳುತ್ತಾರಲ್ಲ, ಹಂಪಿಯಲ್ಲಿ ಆ ಹೊತ್ತು ಲಕ್ಷಾಂತರ ವರ್ಷ ನಡೆದಿದೆ.

ಸರಿ, ಈಗ ಕಪ್ಪು ಮಣ್ಣಿಗೆ ಬರೋಣ.

ಶಾಲೆಯಲ್ಲಿ ನಾವು ಓದಿದ್ದು: ಗ್ರಾನೈಟಿನಿಂದ ಕೆಂಪು ಮಣ್ಣು, ಬಸಾಲ್ಟಿನಿಂದ ಕಪ್ಪು ಮಣ್ಣು. ವಿಜಯಪುರ, ಕಲಬುರಗಿ ಕಡೆ ನೋಡಿದರೆ ಇದು ಸರಿಯೇ. ಸುಮಾರು 6.6 ಕೋಟಿ ವರ್ಷದ ಹಿಂದೆ ಹರಿದ ಲಾವಾ ಹೆಪ್ಪುಗಟ್ಟಿ ಆದ ಕಲ್ಲು ಬಸಾಲ್ಟ್. ಅದರಲ್ಲಿ ಬೆಣಚು ಇಲ್ಲವೇ ಇಲ್ಲ ಅನ್ನಬಹುದು. ಬೆಣಚು ಇಲ್ಲದ ಮೇಲೆ ಮರಳು ಎಲ್ಲಿಂದ ಬರಬೇಕು? ಎಲ್ಲ ಕೊಳೆತು ಜೇಡಿಯೇ. ಅಲ್ಲಿಯವರು ಎರೆ ಅನ್ನುವ ಆ ಮಣ್ಣಿನಲ್ಲಿ ಅರ್ಧದಷ್ಟು ಜೇಡಿ ಇರುವುದು ಮಾಮೂಲು. ಅದೂ ಒಂದು ವಿಶೇಷದ ಜೇಡಿ. ಪದರಗಳ ನಡುವೆ ನೀರು ನುಗ್ಗಿ ಉಬ್ಬುತ್ತದೆ. ಅಂಥ ಜೇಡಿ ಒಂದೇ ಒಂದು ಗ್ರಾಂ ತಗೊಂಡು ಅದರ ಒಳಮೈ ಹೊರಮೈ ಎಲ್ಲ ಬಿಡಿಸಿ ಹಾಸಿದರೆ 700 ಚದರ ಮೀಟರ್ ಆಗಬಹುದು. ಅಂದರೆ ಆರು 30-40 ಸೈಟು, ಒಂದು ಗ್ರಾಂನಲ್ಲಿ! ಅಷ್ಟು ಮೈಗೂ ನೀರು ಅಂಟಿಕೊಂಡು ಕೂರುತ್ತದೆ. ಅದಕ್ಕೇ ಹಿಂಗಾರಿಯಲ್ಲಿ ಬಿಳಿಜೋಳ ಬಿತ್ತಿದವರು ಆಮೇಲೆ ಮಳೆ ಬರದಿದ್ದರೂ ತೆನೆ ಕಾಣುತ್ತಾರೆ.

ಆದರೆ ಅದೇ ಮಣ್ಣಿನ ಮೇಲೆ ಮನೆ ಕಟ್ಟಿ ನೋಡಿ. ನಾನು ಕೆಲಸಕ್ಕಿದ್ದ ಊರಿನಲ್ಲಿ ಎರೆ ನೆಲದ ಮೇಲೆ ಒಂದು ಬಾಡಿಗೆ ಮನೆಯಲ್ಲಿದ್ದೆ. ಏಪ್ರಿಲ್ ಬಂದರೆ ಅಡುಗೆ ಮನೆ ಗೋಡೆಯ ಬಿರುಕಿನಲ್ಲಿ ಐದು ರೂಪಾಯಿ ನಾಣ್ಯ ಹೋಗುತ್ತಿತ್ತು. ಆಗಸ್ಟಿನಲ್ಲಿ ಬಿರುಕು ಮುಚ್ಚಿಕೊಳ್ಳುತ್ತಿತ್ತು, ಬದಲಿಗೆ ಬಾಗಿಲು ಹಾಕಲು ಆಗುತ್ತಿರಲಿಲ್ಲ. ಮನೆ ಕಟ್ಟಿದ ಪುಣ್ಯಾತ್ಮ ಪಾಯ ಆಳಕ್ಕೆ ತೆಗೆದಿರಲಿಲ್ಲ. ನಮ್ಮ ಮನೆಯವಳು ಆ ಬಿರುಕು ನೋಡಿಯೇ ತಿಂಗಳು ಹೇಳುತ್ತಿದ್ದಳು.

ಇರಲಿ. ಶಾಲೆಯ ಪಾಠ ಎಡವುವುದು ಬೀದರಿನಲ್ಲಿ. ಬೀದರ್ ಕೋಟೆ ನಿಂತಿರುವ ಎತ್ತರದ ನೆಲ ಪೂರ್ತಿ ಕೆಂಪು, ಇಟ್ಟಿಗೆ ಥರ ತೂತು ತೂತಿನ ಕಲ್ಲು. ಕರಾವಳಿಯವರು ಮುರಕಲ್ಲು, ಮಲೆನಾಡಿನವರು ಜಂಬಿಟ್ಟಿಗೆ ಅನ್ನುವುದು ಇದನ್ನೇ. ಫ್ರಾನ್ಸಿಸ್ ಬುಕನನ್ ಅನ್ನುವ ಸ್ಕಾಟಿಷ್ ವೈದ್ಯ 1800-01ರಲ್ಲಿ ಮೈಸೂರು, ಕೆನರಾ, ಮಲಬಾರ್ ಸುತ್ತಿದ. ಜನ ಇದನ್ನು ಹಸಿಯಾಗಿದ್ದಾಗ ಕೊಡಲಿಯಂಥ ಆಯುಧದಲ್ಲಿ ಕತ್ತರಿಸಿ, ಗಾಳಿಗೆ ಗಟ್ಟಿಯಾದ ಮೇಲೆ ಗೋಡೆ ಕಟ್ಟುವುದನ್ನು ನೋಡಿ, ಇಟ್ಟಿಗೆ ಅನ್ನುವ ಅರ್ಥದ ಲ್ಯಾಟಿನ್ ಪದದಿಂದ ಲ್ಯಾಟರೈಟ್ ಅಂತ ಹೆಸರಿಟ್ಟ. ನಮ್ಮ ಜನ ಜಂಬಿಟ್ಟಿಗೆ ಅಂದಾಗಲೂ ಅವರ ಕಣ್ಣಿಗೆ ಕಂಡದ್ದು ಇಟ್ಟಿಗೆಯೇ!

ಈಗ ಬೀದರಿನ ಆ ಕೆಂಪು ಕಲ್ಲಿನ ಕೆಳಗೆ ಏನಿದೆ? ಬಸಾಲ್ಟ್. ಕೆಂಪು ಬಂದದ್ದು ಅದೇ ಬಸಾಲ್ಟ್ ಕೊಳೆತು. ಗುಡ್ಡ ಇಳಿದು ಬಂದರೆ ಅದೇ ಬಸಾಲ್ಟಿನ ಮೇಲೆ ಕಪ್ಪು ಎರೆ. ಇನ್ನು ಮಂಗಳೂರು ಕಡೆ ಮುರಕಲ್ಲಿನ ಅಡಿಯಲ್ಲಿ ಇರುವುದು ನಮ್ಮ ಕಡೆಯಂಥದೇ ಗ್ರಾನೈಟ್ ಜಾತಿಯ ಹಳೇ ಕಲ್ಲು. ಕಲ್ಲಿನ ಮೇಲೆ ಮಣ್ಣಿನ ಬಣ್ಣ ನಿರ್ಧಾರ ಆಗುವುದಾದರೆ ಇದು ಹೇಗೆ?

ಇದರ ಉತ್ತರವೂ ಆ ಹಿರಿಯರ ಎರಡು ಹೊಲದ ಉತ್ತರವೂ ಒಂದೇ. ನೀರು ಎಷ್ಟು ಬಂತು ಅನ್ನೋದಷ್ಟೇ ಅಲ್ಲ, ಬಂದ ನೀರು ಹೋಯಿತಾ, ನಿಂತಿತಾ ಅನ್ನೋದನ್ನೂ ನೋಡಬೇಕು. ಕರಾವಳಿಯಲ್ಲಿ ವರ್ಷಕ್ಕೆ 3500 ಮಿಲಿಮೀಟರ್ ದಾಟುವ ಮಳೆ. ಕ್ಯಾಲ್ಸಿಯಂ, ಪೊಟ್ಯಾಷ್ ಮೊದಲು ಹೋದವು. ಕೊನೆಗೆ ಸಿಲಿಕಾ ಕೂಡ ಬಹಳಷ್ಟು ತೊಳೆದುಹೋಯಿತು. ಉಳಿದದ್ದು ನೀರಿಗೆ ಜಗ್ಗದ ಕಬ್ಬಿಣ, ಅಲ್ಯುಮಿನಿಯಂ. ಅದೇ ಮುರಕಲ್ಲು. ಬೀದರಿನ ಎತ್ತರದ ನೆಲದಲ್ಲಿ ಈ ತೊಳೆತ ನಡೆದದ್ದು ಬಹಳ ಹಿಂದಿನ ಕಾಲದಲ್ಲಿ, ಈಗಿನ ಅಲ್ಲಿಯ ಮಳೆಗೆ ಆದದ್ದಲ್ಲ. ವಿಜಯಪುರದಲ್ಲಿ ಬೀಳುವುದೇ 600 ಮಿಲಿಮೀಟರ್ ಆಸುಪಾಸು. ನೀರು ಕಲ್ಲನ್ನು ಕೊಳೆಸಿತು, ಆದರೆ ಹೊತ್ತುಕೊಂಡು ಹೋಗುವಷ್ಟು ಇರಲಿಲ್ಲ. ಕ್ಯಾಲ್ಸಿಯಂ, ಮೆಗ್ನೀಸಿಯಂ ಅಲ್ಲೇ ಉಳಿದವು. ಅವು ಇದ್ದರೇನೇ ಆ ಉಬ್ಬುವ ಜೇಡಿ ಹುಟ್ಟುವುದು.

ನಿಮ್ಮ ಹೊಲದಲ್ಲೂ ಇದೇ ನಡೆದಿದೆ ಸ್ವಾಮಿ. ಮೇಲಿನ ಹೊಲದಲ್ಲಿ ನೀರು ನಿಲ್ಲಲ್ಲ. ಕರಗುವುದನ್ನೆಲ್ಲ ಕರಗಿಸಿಕೊಂಡು ಇಳಿಜಾರಿಗೆ ಹೋಗುತ್ತದೆ. ಉಳಿಯುವುದು ಮರಳು, ಉಬ್ಬದ ಜೇಡಿ, ತುಕ್ಕು. ಅದಕ್ಕೆ ಕೆಂಪು. ಕೆಳಗಿನ ಹೊಲದಲ್ಲಿ ಆ ನೀರು ಬಂದು ನಿಂತು ಬಿಸಿಲಿಗೆ ಆರುತ್ತದೆ. ಹೊತ್ತು ತಂದದ್ದನ್ನೆಲ್ಲ ಅಲ್ಲೇ ಇಳಿಸಿ ಹೋಗುತ್ತದೆ. ಹಾಗಾಗಿ ಅಲ್ಲಿ ಎರೆಯ ಜಾತಿಯ ಜೇಡಿ. ಉಳುವಾಗ ಬಿಳಿ ಬಿಳಿ ಸುಣ್ಣದ ಹರಳು ಸಿಗುತ್ತಾ ಅಂತ ಕೇಳಿದೆ.

"ಸಿಗ್ತದೆ ಬುದ್ಧಿ, ಕೆಳಗಿನದರಲ್ಲಿ ಮಾತ್ರ" ಅಂದರು.

ಆ ಹರಳು ಮೇಲಿನ ಹೊಲದ್ದು. ಅದರ ಕ್ಯಾಲ್ಸಿಯಂ ಅಲ್ಲಿಂದ ನೀರಿನಲ್ಲಿ ಇಳಿದು ಬಂದದ್ದು.

ಕಪ್ಪು ಬಣ್ಣದ ಬಗ್ಗೆ ಇಬ್ಬರು ಕೇಳಿದರು. ಕಪ್ಪಗಿದೆ ಅಂದರೆ ಗೊಬ್ಬರ ಜಾಸ್ತಿ ಅಂತ ಅರ್ಥವಲ್ಲ. ಎರೆ ಮಣ್ಣಿನ ಚೀಟಿಯಲ್ಲೂ ಇಂಗಾಲ 'ಕಡಿಮೆ' ಅಂತ ಬರುವುದುಂಟು. ಇರುವ ಚೂರೇ ಚೂರು ಕೊಳೆತ ಪದಾರ್ಥ ಆ ಜೇಡಿಗೆ ಗಟ್ಟಿಯಾಗಿ ಅಂಟಿಕೊಂಡು ಪೂರ್ತಿ ಕಪ್ಪಾಗಿ ಕಾಣುತ್ತದೆ. ಇಲ್ಲೂ ಅರಿಶಿನದ ಲೆಕ್ಕವೇ.

ಹಿಂದಿನ ಬೆಂಚಿನಿಂದ ಒಬ್ಬ ತಾಯಿ ಕೇಳಿದ ಪ್ರಶ್ನೆ: ಬೇಸಿಗೆಯಲ್ಲಿ ಕೆರೆ ಹೂಳು ಹೊಡೆಸುತ್ತೇವೆ, ಟ್ರ್ಯಾಕ್ಟರ್ ಬಾಡಿಗೆ ಕೊಟ್ಟು. ಅದರಿಂದ ನಿಜಕ್ಕೂ ಉಪಯೋಗ ಇದೆಯಾ? ಕೆಂಪು ಹೊಲಕ್ಕಾದರೆ ಖಂಡಿತ ಇದೆ ತಾಯಿ. ಕೆರೆಯಲ್ಲಿ ಕೂತಿರುವುದು ನಿಮ್ಮ ಮೇಲಿನ ಹೊಲಗಳಿಂದ ಮಳೆ ತೊಳೆದುಕೊಂಡು ಹೋದ ಗೋಡು, ಜೇಡಿ. ನಿಮ್ಮ ಮಣ್ಣನ್ನೇ ನೀವು ಬಾಡಿಗೆ ಕೊಟ್ಟು ವಾಪಸ್ ತರುತ್ತಿದ್ದೀರಿ. ಬಾಡಿಗೆ ದುಬಾರಿ ಅನ್ನಿಸಿದರೆ, ಅದೇ ಒಂದು ಇಂಚು ಮಣ್ಣನ್ನು ಬೆಟ್ಟದಿಂದ ಹೊಸದಾಗಿ ಮಾಡಿಸೋಕೆ ನೂರಾರು ವರ್ಷ ಹಿಡಿಯುತ್ತದೆ ಅಂತ ನೆನೆಸಿಕೊಳ್ಳಿ. ಕೆಳಗಿನ ಎರೆ ಹೊಲಕ್ಕೆ ಮಾತ್ರ ಹೂಳು ಹಾಕಬೇಡಿ, ಅಲ್ಲಿ ಜೇಡಿ ಆಗಲೇ ಜಾಸ್ತಿ.

ಮತ್ತೆ ಬಾಟಲಿ. ತಳದಲ್ಲಿ ಮರಳು, ಅದರ ಮೇಲೆ ಬೆರಳಗಲ ಗೋಡು. ಮೇಲಿನ ನೀರು ಇನ್ನೂ ಕೆಂಪು. ಜೇಡಿ ಕೂತ ಮೇಲೆ ಸ್ಕೇಲ್ ಇಟ್ಟು ಮೂರು ಪದರ ಅಳೆದರೆ ನಿಮ್ಮ ಹೊಲದ ಜಾತಕ ಅಂದಾಜು ಸಿಗುತ್ತದೆ. ಬಾಟಲಿ ಹೆಡ್ ಮೇಷ್ಟ್ರ ರೂಮಿನ ಬೀರು ಮೇಲೆ ಇಟ್ಟು ಹೋಗುತ್ತಿದ್ದೇನೆ. ಕಲ್ಲು ಪುಡಿ ಮಾಡಿದ ಪುಟ್ಟಿಗೆ ಅಳೆಯುವ ಕೆಲಸ ಕೊಟ್ಟಿದ್ದೇನೆ. ಕೆಳಗಿನ ಹೊಲದ ಮಣ್ಣಿನದೂ ಒಂದು ಬಾಟಲಿ ಪಕ್ಕದಲ್ಲಿ ಇಡಬೇಕು ಅಂತ ಅವಳೇ ಹೇಳಿದಳು. ಮಣ್ಣು ಕೊಡೋಕೆ ಆ ಹಿರಿಯರು ಒಪ್ಪಿದ್ದಾರೆ.